ತೂಬು ಬೇರೆ, ನೀರು ಬೇರೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಟಿವಿ ಎಂದರೆ ಬಹುಕಾಲ ಒಂದು ಪೆಟ್ಟಿಗೆ. ಮುಂದೆ ಉಬ್ಬಿದ ಗಾಜು, ಹಿಂದೆ ಗೂನು ಬೆನ್ನು, ಮೇಲೊಂದು ಕಸೂತಿಯ ಹೊದಿಕೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವ ಹುಡುಗ ‘ಬಂತಾ?’ ಎಂದು ಕೂಗುವುದು, ಕೆಳಗಿನಿಂದ ‘ಬಂತು, ಅಯ್ಯೋ ಹೋಯ್ತು’ ಎಂಬ ಉತ್ತರ ಹೋಗುವುದು, ಇವೆಲ್ಲ ಆ ಪೂಜೆಯ ಅಂಗವೇ ಆಗಿದ್ದವು. ಪೆಟ್ಟಿಗೆ ಕೆಟ್ಟರೂ ಜನಕ್ಕೆ ತಿಳಿಯುವ ಹಾಗೆ ಕೆಡುತ್ತಿತ್ತು. ಚಿತ್ರ ಉರುಳಿದರೆ ಹಿಂದಿನ ಗುಂಡಿ ತಿರುಗಿಸಿದರಾಯಿತು, ಅದಕ್ಕೂ ಬಗ್ಗದಿದ್ದರೆ ಬೆನ್ನಿಗೊಂದು ಗುದ್ದು.

ಗೋಡೆಗೆ ನೇತುಬೀಳುವ ತೆಳ್ಳನೆಯ ಟಿವಿ ಬಂದ ಮೇಲೆ ಈ ಸಲಿಗೆ ತಪ್ಪಿಹೋಯಿತು. ಅದನ್ನು ಗುದ್ದುವ ಹಾಗಿಲ್ಲ. ಅದರ ಒಳಗೇನಿದೆಯೋ ಗೊತ್ತಿಲ್ಲ. ಹೆಸರುಗಳೋ, ಒಂದಕ್ಕಿಂತ ಒಂದು ಗೊಂದಲ: ಎಲ್‌ಸಿಡಿ, ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ. ಬಿತ್ತನೆ ಬೀಜವನ್ನು ಅಂಗೈಯಲ್ಲಿ ಹಾಕಿ ತಿಕ್ಕಿ, ಮೂಸಿ, ನಾಲ್ಕು ಕಡೆ ವಿಚಾರಿಸಿ ಕೊಳ್ಳುವ ರೈತ, ಟಿವಿ ಅಂಗಡಿಯಲ್ಲಿ ಮಾತ್ರ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ದುಡ್ಡು ಎಣಿಸಿಕೊಟ್ಟು ಬರುತ್ತಾನೆ.

ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರದ ಹತ್ತಿರದ ಒಂದು ಮನೆಯಲ್ಲಿ ಆದದ್ದೂ ಹೀಗೆಯೇ. ಈರುಳ್ಳಿ, ರಾಗಿ, ಒಂದಿಷ್ಟು ಅಡಿಕೆ ಇರುವ ಮನೆ. ಒಂದು ವರ್ಷ ಈರುಳ್ಳಿ ಕೈಹಿಡಿದಾಗ ಯಜಮಾನರು 32 ಇಂಚಿನ ಟಿವಿ ತಂದರು. ಪೆಟ್ಟಿಗೆಯ ಮೇಲೆ ‘ಎಲ್‌ಇಡಿ ಟಿವಿ’ ಎಂದು ದಪ್ಪಕ್ಷರದಲ್ಲಿತ್ತು. ಐದಾರು ವರ್ಷ ಚೆನ್ನಾಗಿಯೇ ನಡೆದ ಅದು ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕಪ್ಪಾಯಿತು. ಮಾತು ಮಾತ್ರ ಬರುತ್ತಿತ್ತು. ಮಂಡಿನೋವಿನಿಂದ ಹೊಸಿಲು ದಾಟದ ಅಜ್ಜಿ ಮೂರು ದಿನ ಧಾರಾವಾಹಿಯನ್ನು ಕಿವಿಯಲ್ಲೇ ನೋಡಿ, ‘ಇದು ರೇಡಿಯೋ ಆಯ್ತಲ್ಲೋ ಮಗಾ’ ಎಂದರು.

ಯಜಮಾನರ ಮಗಳು ತರೀಕೆರೆಯಲ್ಲಿ ಎರಡನೇ ಪಿಯುಸಿ, ವಿಜ್ಞಾನ. ಅವಳನ್ನು ನೋಡಲು ಹೋದವರು ಅಲ್ಲಿನ ಒಂದು ಅಂಗಡಿಯಲ್ಲಿ ವಿಷಯ ಹೇಳಿದರು. ‘ಪ್ಯಾನೆಲ್ ಹೋಗಿರುತ್ತೆ ಗೌಡ್ರೇ. ಅದನ್ನ ಹಾಕ್ಸೋ ದುಡ್ಡಿಗೆ ಹೊಸದೇ ಬರುತ್ತೆ. ಈ ಎಲ್‌ಸಿಡಿ ಕಾಲ ಮುಗೀತು, ಕ್ಯೂಎಲ್‌ಇಡಿ ತಗೊಳ್ಳಿ’ ಎಂದ ಅಂಗಡಿಯವನು ಟಿವಿಯನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಆ ವರ್ಷ ಈರುಳ್ಳಿ ಮಳೆಗೆ ಸಿಕ್ಕಿ ಕೊಳೆತಿತ್ತು. ಕೈಯಲ್ಲಿ ಇದ್ದದ್ದು ಮಗಳ ಸಿಇಟಿ ತರಬೇತಿಗೆಂದು ಅಂಚೆ ಕಚೇರಿಯಲ್ಲಿ ಇಟ್ಟಿದ್ದ ದುಡ್ಡು.

‘ಅಪ್ಪಾಜಿ, ನಮ್ದು ಎಲ್‌ಇಡಿ ಅಲ್ವಾ? ಅವನ್ಯಾಕೆ ಎಲ್‌ಸಿಡಿ ಅಂದ?’ ಎಂದು ಮಗಳು ಕೇಳಿದಳು.

‘ನಂಗೇನು ಗೊತ್ತವ್ವ. ನಿಮ್ಮ ಪುಸ್ತಕದಲ್ಲಿ ಇಲ್ವಾ ಅದು?’

ಪುಸ್ತಕದಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಪೋಲರಾಯ್ಡ್ ಎಂಬ ಹಾಳೆಯ ಮಾತು ಬೆಳಕಿನ ಪಾಠದಲ್ಲಿ ಬರುತ್ತದೆ. ಆದರೆ ಅದಕ್ಕೂ ಅಜ್ಜಿಯ ಧಾರಾವಾಹಿಗೂ ನಂಟಿದೆ ಎಂದು ಪಾಠ ಓದಿದ ಎಷ್ಟು ಮಕ್ಕಳಿಗೆ ಹೊಳೆದೀತು? ಮರುದಿನ ಅವಳು ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದಳು. ಅವರು ಬೈಕು ಓಡಿಸುವಾಗ ಹಾಕಿಕೊಳ್ಳುವ ಪೋಲರಾಯ್ಡ್ ಕಪ್ಪು ಕನ್ನಡಕವನ್ನು ಅವಳ ಕೈಗಿತ್ತು, ಅದರ ಒಂದು ಗಾಜಿನ ಮೂಲಕ ಕ್ಯಾಲ್ಕುಲೇಟರನ್ನು ನೋಡುತ್ತ ಮೆಲ್ಲಗೆ ತಿರುಗಿಸು ಎಂದರು. ತಿರುಗಿಸುತ್ತ ಹೋದಂತೆ ಒಂದು ಕಡೆ ಕ್ಯಾಲ್ಕುಲೇಟರಿನ ಮುಖವೆಲ್ಲ ಕಪ್ಪಾಯಿತು. ಇನ್ನಷ್ಟು ತಿರುಗಿಸಿದಾಗ ಅಂಕಿಗಳು ಮರಳಿ ಕಂಡವು. ಈ ಪ್ರಯೋಗವನ್ನು ಯಾವ ಮನೆಯಲ್ಲಾದರೂ ಮಾಡಬಹುದು, ಖರ್ಚಿಲ್ಲ.

ಮೇಷ್ಟ್ರು ಹೇಳಿದ್ದರ ಸಾರ ಇಷ್ಟು. ಬೆಳಕು ಅಲೆ. ಸಾಮಾನ್ಯ ಬೆಳಕಿನಲ್ಲಿ ಅಲೆಗಳು ಎಲ್ಲ ದಿಕ್ಕಿಗೂ ಓಲಾಡುತ್ತಿರುತ್ತವೆ. ಪೋಲರಾಯ್ಡ್ ಹಾಳೆ ಸರಳಿನ ಕಿಟಕಿ ಇದ್ದಂತೆ. ನಿಂತ ಸರಳುಗಳ ಕಿಟಕಿಯಲ್ಲಿ ಅಂಚೆ ಕಾರ್ಡನ್ನು ನಿಲ್ಲಿಸಿ ಹಿಡಿದರೆ ತೂರುತ್ತದೆ, ಅಡ್ಡ ಹಿಡಿದರೆ ತೂರದು. ಇಂತಹ ಎರಡು ಕಿಟಕಿಗಳನ್ನು ಒಂದರ ಹಿಂದೊಂದು ಇಟ್ಟು, ಒಂದರ ಸರಳು ನಿಂತಿದ್ದು ಇನ್ನೊಂದರದು ಅಡ್ಡ ಇದ್ದರೆ ಯಾವ ಕಾರ್ಡೂ ಎರಡನ್ನೂ ದಾಟಲಾರದು. ಆದರೆ ನಡುವೆ ಯಾರಾದರೂ ಕುಳಿತು ಬಂದ ಕಾರ್ಡನ್ನು ಕಾಲು ಸುತ್ತು ತಿರುಗಿಸಿ ಮುಂದೆ ಕೊಟ್ಟರೆ? ದಾಟೀತು. ಹಾಗೆ ನಡುವೆ ಕುಳಿತವರೇ ದ್ರವ ಸ್ಫಟಿಕ. ಎಲ್‌ಸಿಡಿ ಎಂಬುದರಲ್ಲಿನ ‘ಎಲ್’ ಮತ್ತು ‘ಸಿ’ ಇವರೇ.

ದ್ರವವೂ ಹೌದು, ಸ್ಫಟಿಕವೂ ಹೌದು ಎಂದರೆ ಒಪ್ಪುವುದು ಕಷ್ಟ. ಅಜ್ಜಂಪುರದವರಿಗೆ ಮಾತ್ರ ಇದು ಸುಲಭವಾಗಬೇಕು, ಅಮೃತ ಮಹಲ್ ಕಾವಲಿನ ದನಗಳನ್ನು ನೋಡಿದವರು ಅವರು. ಕೊಟ್ಟಿಗೆಯಲ್ಲಿ ಕಟ್ಟಿದ ದನಗಳಿಗೆ ಜಾಗವೂ ಗೊತ್ತು, ಮುಖದ ದಿಕ್ಕೂ ಒಂದೇ; ಅದು ಗಟ್ಟಿ ಪದಾರ್ಥ. ಸಂತೆಗೆ ಬಂದ ದನಗಳಿಗೆ ಜಾಗವೂ ಇಲ್ಲ, ದಿಕ್ಕೂ ಇಲ್ಲ. ಅದು ನೀರು, ಎಣ್ಣೆಗಳಂತಹ ದ್ರವ. ಕಾವಲಿನಲ್ಲಿ ಮೇಯುವ ದನಗಳು ಗಾಳಿಮಳೆ ಹೊಡೆದಾಗ ಎಲ್ಲೆಲ್ಲಿವೆಯೋ ಅಲ್ಲಲ್ಲೇ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಜಾಗ ಯಾವುದಾದರೂ ಆಗಲಿ, ದಿಕ್ಕು ಒಂದು. ದ್ರವ ಸ್ಫಟಿಕದ ಉದ್ದನೆಯ ಅಣುಗಳೂ ಹೀಗೆಯೇ. ಹರಿದಾಡುತ್ತಲೂ ಒಂದೇ ಕಡೆ ಮುಖ ಮಾಡಿರುತ್ತವೆ. ಗಾಳಿಯ ಬದಲು ವಿದ್ಯುತ್ತನ್ನು ಹಾಯಿಸಿದರೆ ಹೊಸ ದಿಕ್ಕಿಗೆ ಹೊರಳುತ್ತವೆ.

ಟಿವಿಯಲ್ಲಿ ಎರಡು ಗಾಜಿನ ನಡುವೆ ಈ ದ್ರವ ತುಂಬಿರುವ ಸಂದಿಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು, ಅಷ್ಟೆ. ತೆರೆಯನ್ನು ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಿಸಿ, ಪ್ರತಿ ಕೋಣೆಯ ಮುಂದೂ ಕೆಂಪು, ಹಸಿರು, ನೀಲಿಯ ಪೈಕಿ ಒಂದು ಬಣ್ಣದ ಸೋಸುಹಾಳೆ ಇಟ್ಟಿರುತ್ತಾರೆ. ‘ಫುಲ್ ಎಚ್‌ಡಿ’ ತೆರೆ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಂದೊಂದು ಚುಕ್ಕಿಗೆ ಮೂರು ಕೋಣೆಯಂತೆ ಒಟ್ಟು 62 ಲಕ್ಷಕ್ಕೂ ಮಿಗಿಲು. ‘4ಕೆ’ ತೆರೆಯಲ್ಲಿ ಸುಮಾರು ಎರಡೂವರೆ ಕೋಟಿ.

ಇಲ್ಲಿಯೇ ಗಮನಿಸಬೇಕಾದ ಮಾತು: ಈ ಕೋಟಿ ಕೋಣೆಗಳಲ್ಲಿ ಒಂದಾದರೂ ತಾನಾಗಿ ಬೆಳಕು ಕೊಡುವುದಿಲ್ಲ. ಕಡೂರು ತಾಲ್ಲೂಕಿನ ಮದಗದ ಕೆರೆಯನ್ನು ನೆನೆಯಿರಿ. ನೀರು ಕೆರೆಯದು. ತೂಬಿನ ಕೆಲಸ ನೀರನ್ನು ಬಿಡುವುದು, ತಡೆಯುವುದು, ಅಥವಾ ಅಳತೆ ಮಾಡಿ ಬಿಡುವುದು. ದ್ರವ ಸ್ಫಟಿಕ ಬರೀ ತೂಬು. ಹಿಂದೆ ಯಾವಾಗಲೂ ಉರಿಯುತ್ತಿರುವ ಒಂದು ದೀಪ ಇದೆಯಲ್ಲ, ಅದು ಕೆರೆ. ತೂಬು ತೆರೆಯಲೂ ಮುಚ್ಚಲೂ ಹಿಂದಿನಿಂದ ನೀರುಗಂಟಿ ಇರುತ್ತಿದ್ದ ಹಾಗೆ ಇಲ್ಲಿ ಕೋಣೆಗೊಂದು ಕಣ್ಣಿಗೆ ಕಾಣದ ಟ್ರಾನ್ಸಿಸ್ಟರು. ತನ್ನ ಕೋಣೆಯ ತೂಬು ಎಷ್ಟು ತೆರೆದಿರಬೇಕೆಂಬ ಆಜ್ಞೆ ಅದಕ್ಕೆ ಸೆಕೆಂಡಿಗೆ ಅರವತ್ತು ಸಲ ಬರುತ್ತದೆ, ಮುಂದಿನ ಆಜ್ಞೆ ಬರುವ ತನಕ ಅದು ಹಾಗೆಯೇ ಹಿಡಿದಿರುತ್ತದೆ.

ಅಂಗಡಿಯವನ ಮಾತಿನ ಗಂಟು ಇಲ್ಲಿ ಬಿಚ್ಚುತ್ತದೆ. ಮೊದಲು ಕೆರೆಯ ಜಾಗದಲ್ಲಿ ಇದ್ದದ್ದು ಬೆರಳಿಗಿಂತ ತೆಳ್ಳನೆಯ, ಸ್ವಲ್ಪ ಪಾದರಸ ಇರುವ ಟ್ಯೂಬ್‌ಲೈಟುಗಳು. ಆಗ ಅದನ್ನು ಎಲ್‌ಸಿಡಿ ಎಂದು ಮಾರಿದರು. 2009ರ ಸುಮಾರಿನಿಂದ ಟ್ಯೂಬಿನ ಜಾಗಕ್ಕೆ ಎಲ್‌ಇಡಿ ದೀಪಗಳು ಬಂದವು. ತೂಬು ಅದೇ, ಕೆರೆ ಬದಲು. ಹೆಸರು ಮಾತ್ರ ‘ಎಲ್‌ಇಡಿ ಟಿವಿ’ ಎಂದಾಯಿತು. ಬಿಳಿ ಎಲ್‌ಇಡಿಗೆ ತಾಯಿಯಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಕ್ಯೂಎಲ್‌ಇಡಿ ಎಂದರೂ ಅದೇ ಎಲ್‌ಸಿಡಿಯೇ. ಹಿಂದಿನ ನೀಲಿ ಬೆಳಕನ್ನು ಶುದ್ಧ ಕೆಂಪು ಮತ್ತು ಹಸಿರಿಗೆ ತಿರುಗಿಸುವ ಕ್ವಾಂಟಮ್ ಚುಕ್ಕಿಗಳ ಹಾಳೆಯೊಂದು ಹೆಚ್ಚು; ಬಣ್ಣ ಕಳೆಗಟ್ಟುತ್ತದೆ ಎಂಬುದು ನಿಜ. ಆ ಚುಕ್ಕಿಗಳಿಗೂ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ‘ಮಿನಿ ಎಲ್‌ಇಡಿ’ ಎಂದರೆ ಒಂದು ದೊಡ್ಡ ಕೆರೆಯ ಬದಲು ನೂರಾರು ಕಟ್ಟೆಗಳು. ಚಿತ್ರದಲ್ಲಿ ಕತ್ತಲಿರುವ ಕಡೆಯ ದೀಪಗಳನ್ನಷ್ಟೇ ತಗ್ಗಿಸಬಹುದು. ಇಷ್ಟೂ ಒಂದೇ ಕುಲ. ಓಎಲ್‌ಇಡಿ ಮಾತ್ರ ಬೇರೆ ಕುಲ: ಅಲ್ಲಿ ಕೆರೆಯೂ ಇಲ್ಲ, ತೂಬೂ ಇಲ್ಲ, ಪ್ರತಿ ಗಿಡದ ಬುಡದಲ್ಲೂ ಅದರದೇ ಒರತೆ. ಬೆಲೆಯೂ ಹಾಗೆಯೇ. ಇನ್ನು ಪ್ಲಾಸ್ಮಾ ಎಂಬ ಟಿವಿ ಒಂದಿತ್ತು. 2014ರ ಸುಮಾರಿಗೆ ದೊಡ್ಡ ಕಂಪನಿಗಳೆಲ್ಲ ಅದನ್ನು ಕೈಬಿಟ್ಟವು.

ಒಂದೇ ವಸ್ತುವಿಗೆ ಕೆರೆ ಬದಲಾದಾಗಲೆಲ್ಲ ಹೊಸ ಹೆಸರಿಟ್ಟು, ಹಳೆಯದನ್ನು ನಾಚಿಕೆಯ ವಸ್ತುವಾಗಿ ಮಾಡುವುದು ವ್ಯಾಪಾರದ ಜಾಣತನ. ಅದನ್ನು ತಪ್ಪೆನ್ನುವುದಕ್ಕಿಂತ ತಿಳಿದಿರುವುದು ವಾಸಿ.

ಈ ದ್ರವ ಸ್ಫಟಿಕದ ಕತೆಯಲ್ಲಿ ಕರ್ನಾಟಕದ ಪಾಲು ಸಣ್ಣದೇನಲ್ಲ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞ ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿತು: ಸುಮಾರು 145 ಡಿಗ್ರಿಯಲ್ಲಿ ಮಬ್ಬು ದ್ರವ, 178 ಡಿಗ್ರಿಯಲ್ಲಿ ತಿಳಿ ದ್ರವ. ಆ ಮಬ್ಬಿನ ಸ್ಥಿತಿಯೇ ದ್ರವ ಸ್ಫಟಿಕ. ಅದರಿಂದ ಉಪಯೋಗ ಕಾಣಲು ಎಂಬತ್ತು ವರ್ಷ ಬೇಕಾಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಹೈಲ್ಮಯರ್ ತಂಡ ಮೊದಲ ಫಲಕಗಳನ್ನು ತೋರಿಸಿತು, 1973ರ ಹೊತ್ತಿಗೆ ಜಪಾನಿನ ಕ್ಯಾಲ್ಕುಲೇಟರು, ಕೈಗಡಿಯಾರಗಳಲ್ಲಿ ಅದು ಬಂತು.

ಸರಿಸುಮಾರು ಅದೇ ಕಾಲಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಶಿವರಾಮಕೃಷ್ಣ ಚಂದ್ರಶೇಖರ್ ಈ ವಿಷಯವನ್ನು ಹಿಡಿದು ಕೂತಿದ್ದರು. ಸಿ.ವಿ. ರಾಮನ್ ಅವರ ಸೋದರಳಿಯ. ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ದ್ರವ ಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ಉದ್ದವಾಗಿರಲೇಬೇಕು ಎಂದು ಜಗತ್ತು ನಂಬಿದ್ದ ಕಾಲ ಅದು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ, ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ರೂಪಾಯಿ ಬಿಲ್ಲೆಗಳನ್ನು ಪೇರಿಸಿದ ಹಾಗೆ ಸಾಲುಗಟ್ಟಿ ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಅದನ್ನು ಪ್ರಕಟಿಸಿದ್ದು ಪರದೇಶದ ಪತ್ರಿಕೆಯಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ದಲ್ಲಿ.

ಆ ಬಿಲ್ಲೆಗಳಿಂದ ಟಿವಿಗೇನು ಎಂದು ಯಾರೂ ಆಗ ಕೇಳಿರಲಾರರು. ಹಳೆಯ ಬಗೆಯ ಎಲ್‌ಸಿಡಿಗೆ ಒಂದು ದೋಷವಿತ್ತು: ನೇರ ಕೂತರೆ ಚೆನ್ನ, ಓರೆಯಿಂದ ನೋಡಿದರೆ ಮುಖಗಳು ಕರಿಯಾಗಿ ಬಣ್ಣ ತಿರುವುಮುರುವು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಾಕಾರದ ಅಣುಗಳ ಹಾಳೆ ಮಾಡಿ ಅಂಟಿಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿತು. ಆ ಹಾಳೆ ಜಗತ್ತಿನ ಲಕ್ಷಾಂತರ ಕಂಪ್ಯೂಟರ್ ತೆರೆಗಳಿಗೆ ಹೋಯಿತು. ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು, 2004ರಲ್ಲಿ ತೀರಿಕೊಂಡರು.

ಓರೆಯ ನೋಟದ ಈ ಮಾತು ನಮ್ಮ ಮನೆಗಳಿಗೆ ಬಹಳ ಮುಖ್ಯ. ಸಿನಿಮಾ ಮಂದಿರದಲ್ಲಿ ಕೂತಂತೆ ಟಿವಿಗೆ ಎದುರಾಗಿ ಸಾಲಾಗಿ ಕೂರುವ ಮನೆ ಯಾವುದಿದೆ? ಅಜ್ಜಿ ನೆಲದ ಮೇಲೆ ಚಾಪೆಯಲ್ಲಿ, ಮಕ್ಕಳು ಮಂಚದ ಮೇಲೆ, ತಾಯಿ ಅಡುಗೆಮನೆಯ ಬಾಗಿಲಿಗೆ ಒರಗಿ ಒಂದು ಕಣ್ಣು ಒಲೆಯ ಮೇಲೆ. ಟಿವಿಯೋ ಬಾಗಿಲಿನ ಎತ್ತರದಲ್ಲಿ. ಹೀಗಿರುವಲ್ಲಿ ತೂಬಿನ ಜಾತಿ ಯಾವುದೆಂದು ಕೇಳಿ ಕೊಳ್ಳುವುದು ಒಳ್ಳೆಯದು. ಅಣುಗಳು ಮಲಗಿದಲ್ಲೇ ಪಕ್ಕಕ್ಕೆ ಹೊರಳುವ ‘ಐಪಿಎಸ್’ ಬಗೆಯಲ್ಲಿ ಓರೆಯಿಂದಲೂ ಬಣ್ಣ ಕೆಡುವುದಿಲ್ಲ. ಅಣುಗಳು ನೆಟ್ಟಗೆ ನಿಂತಿದ್ದು ವಿದ್ಯುತ್ತಿಗೆ ಬಾಗುವ ‘ವಿಎ’ ಬಗೆಯಲ್ಲಿ ತೂಬು ಹೆಚ್ಚು ಬಿಗಿ, ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ. ದೀಪ ಆರಿಸಿ ಎದುರು ಕೂತು ಸಿನಿಮಾ ನೋಡುವವರಿಗೆ ಅದು ಲೇಸು, ಪಕ್ಕದಿಂದ ಮಾತ್ರ ಕೊಂಚ ಮಾಸಲು. ಕಾರ್ಡನ್ನು ಕಾಲು ಸುತ್ತು ತಿರುಗಿಸುವ ಹಳೆಯ ‘ಟಿಎನ್’ ಬಗೆ ಈಗ ಟಿವಿಯಲ್ಲಿ ಅಪರೂಪ. ಅಂಗಡಿಯಲ್ಲಿ ಇದನ್ನು ಕೇಳಿದರೆ ಉತ್ತರ ಸಿಗುವುದು ಕಷ್ಟ. ಹಾಗಾದಾಗ ಟಿವಿ ಹಾಕಿಸಿ, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು, ಆಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದರಾಯಿತು. ನಗುವವರು ನಗಲಿ.

ಮೇಷ್ಟ್ರು ಕೊನೆಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಶನಿವಾರ ಊರಿಗೆ ಬಂದ ಹುಡುಗಿ ರಾತ್ರಿ ಪಡಸಾಲೆಯ ದೀಪ ಆರಿಸಿ ಟಿವಿ ಹಾಕಿದಳು. ಮಾತು ಕೇಳುತ್ತಿತ್ತು, ತೆರೆ ಕಪ್ಪು. ತೋಟಕ್ಕೆ ಒಯ್ಯುವ ಟಾರ್ಚನ್ನು ತೆರೆಯ ಹತ್ತಿರಕ್ಕೆ ತಂದು ಓರೆಯಾಗಿ ಬೆಳಕು ಬಿಟ್ಟಳು. ಬೆಳಕು ಬಿದ್ದ ಅಂಗೈಯಗಲದ ಜಾಗದಲ್ಲಿ, ಮಸಿಯಲ್ಲಿ ಬರೆದಷ್ಟು ಮಸುಕಾಗಿ, ಒಬ್ಬ ಹೆಂಗಸಿನ ಮುಖ ಅಲುಗಾಡಿತು.

‘ಅಪ್ಪಾಜಿ, ಪ್ಯಾನೆಲ್ ಹೋಗಿಲ್ಲ. ತೂಬು ನೆಟ್ಟಗಿದೆ, ಕೆರೆಯಲ್ಲಿ ನೀರಿಲ್ಲ ಅಷ್ಟೆ!’

ಯಜಮಾನರು ತಾವೇ ಟಾರ್ಚು ಹಿಡಿದು ತೆರೆಯ ಮೂಲೆ ಮೂಲೆಯನ್ನೂ ನೋಡಿದರು. ಸೋಮವಾರ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ, ಮಲಗಿಸದೆ ನಿಲ್ಲಿಸಿಯೇ ಹಿಡಿದುಕೊಂಡು, ರೈಲು ಹತ್ತಿ ಕಡೂರಿನ ಒಬ್ಬ ರಿಪೇರಿಯವರ ಹತ್ತಿರ ಹೋದರು. ಮಗಳೂ ಹಟ ಹಿಡಿದು ಜೊತೆಗೆ ಹೋದಳು. ಹಳೆಯ ಗೂನುಬೆನ್ನಿನ ಟಿವಿಗಳ ಕಾಲದಿಂದ ಕೈ ಪಳಗಿಸಿಕೊಂಡ ಮನುಷ್ಯ. ‘ಟಾರ್ಚ್ ಹಾಕಿ ನೋಡ್ಕೊಂಡೇ ಬಂದ್ರಾ ಯಜಮಾನ್ರೇ? ಹಂಗಾದ್ರೆ ನನ್ನ ಅರ್ಧ ಕೆಲ್ಸ ಆಯ್ತು’ ಎಂದು ಬಿಚ್ಚತೊಡಗಿದರು.

ಇದನ್ನು ಓದಿ ಯಾರೂ ಮನೆಯಲ್ಲಿ ಸ್ಕ್ರೂಡ್ರೈವರ್ ಹುಡುಕಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯದಷ್ಟು ವಿದ್ಯುತ್ತು ಉಳಿದಿರುತ್ತದೆ. ಅಲ್ಲದೆ ತೆರೆಯ ಗಾಜು ಹಪ್ಪಳದಂತೆ. ಅದರ ಅಂಚಿಗೆ ಅಂಟಿದ ಪಟ್ಟಿಗಳಲ್ಲಿ ಒಂದು ಹರಿದರೂ ತೂಬು ಹೋಯಿತೆಂದೇ ಲೆಕ್ಕ. ರಿಪೇರಿಯವರು ಆ ಗಾಜನ್ನು ಇಬ್ಬರು ಸೇರಿ ಎತ್ತಿಟ್ಟರು. ಅದರ ಹಿಂದೆ ಬೆಳಕನ್ನು ಸಮನಾಗಿ ಹರಡುವ ಮೂರು ನಾಲ್ಕು ಬಿಳಿಯ ಹಾಳೆಗಳು, ಅವುಗಳ ಹಿಂದೆ ಮಣಿಸರದಂತೆ ಎಲ್‌ಇಡಿ ಪಟ್ಟಿಗಳು. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೇ ಆರುವ ಹಾಗೆ, ಇಲ್ಲಿಯೂ ಒಂದು ದೀಪ ಸುಟ್ಟು ಉಳಿದವೆಲ್ಲ ಕತ್ತಲಾಗಿದ್ದವು. ಒಂದನ್ನೇ ಬದಲಾಯಿಸಲು ಅವರು ಒಪ್ಪಲಿಲ್ಲ. ಉಳಿದವಕ್ಕೂ ಅಷ್ಟೇ ವಯಸ್ಸಾಗಿದೆ, ಆರು ತಿಂಗಳಲ್ಲಿ ಇನ್ನೊಂದು ಹೋದೀತು ಎಂದು ಎಲ್ಲ ಪಟ್ಟಿಗಳನ್ನೂ ಹೊಸದು ಹಾಕಿದರು. ಖರ್ಚು ಹೊಸ ಟಿವಿಯ ಬೆಲೆಯ ಒಂದು ಸಣ್ಣ ಪಾಲು. ಅಂಚೆ ಕಚೇರಿಯ ಪುಸ್ತಕ ತೆಗೆಯಬೇಕಾಗಲಿಲ್ಲ.

‘ಯಾಕೆ ಸುಟ್ಟೋಯ್ತು ಅಂಕಲ್?’ ಎಂದು ಹುಡುಗಿ ಕೇಳಿದಳು.

‘ಬೆಳಕು ಎಷ್ಟರ ಮೇಲಿಟ್ಟಿದ್ರಿ?’

ನೂರರ ಮೇಲೆ ಇತ್ತು. ತಂದ ದಿನದಿಂದ ಯಾರೂ ಮುಟ್ಟಿರಲಿಲ್ಲ. ಈ ಟಿವಿಗಳಲ್ಲಿ ದೀಪ ಹೊರಚೆಲ್ಲುವ ಬೆಳಕಿನ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ಸರಳು ಕಿಟಕಿ, ಬಣ್ಣದ ಹಾಳೆಗಳಲ್ಲೇ ಇಂಗಿಹೋಗುತ್ತದೆ. ಆದ್ದರಿಂದ ದೀಪಗಳು ಬಹಳ ಬಿರುಸಾಗಿ ಉರಿಯಬೇಕು, ಬಿರುಸು ಹೆಚ್ಚಿದಷ್ಟೂ ಕಾವು, ಕಾವು ಹೆಚ್ಚಿದಷ್ಟೂ ಆಯುಸ್ಸು ಕಡಿಮೆ. ರಿಮೋಟಿನಲ್ಲಿ ‘ಬ್ಯಾಕ್‌ಲೈಟ್’ ಎಂಬುದನ್ನು ಹುಡುಕಿ ಅವರು ಅರವತ್ತಕ್ಕೆ ಇಳಿಸಿದರು. ಒರೆಸುವಾಗ ತೆರೆಯ ಮೇಲೆ ನೀರು ಚಿಮುಕಿಸಬೇಡಿ, ಕೆಳ ಅಂಚಿಗೆ ಇಳಿದು ಪಟ್ಟಿಗಳನ್ನು ತಿನ್ನುತ್ತದೆ, ಒಣ ಮೆತ್ತನೆ ಬಟ್ಟೆ ಸಾಕು ಎಂದೂ ಹೇಳಿದರು.

ಅಂಗಡಿಯ ಮೂಲೆಯಲ್ಲಿ ಒಡೆದ ತೆರೆಗಳನ್ನು ಒಂದಕ್ಕೊಂದು ಒರಗಿಸಿಟ್ಟಿದ್ದರು. ಒಂದಕ್ಕೆ ಕ್ರಿಕೆಟ್ ಚೆಂಡು ತಗುಲಿತ್ತು, ಇನ್ನೊಂದು ಮನೆ ಬದಲಾಯಿಸುವಾಗ ಹಾಸಿಗೆಯ ಮೇಲೆ ಮಲಗಿಸಿದ್ದರಿಂದ ಬಿರುಕು ಬಿಟ್ಟಿತ್ತು. ‘ಇವಕ್ಕೆ ನಾನೂ ಏನೂ ಮಾಡೋಕಾಗಲ್ಲ ಕಣಮ್ಮ’ ಎಂದರು. ಹುಡುಗಿ ಅವುಗಳನ್ನೇ ನೋಡುತ್ತಿದ್ದಳು. ಕೇಳಲೋ ಬೇಡವೋ ಎಂದು ಅನುಮಾನಿಸುತ್ತ, ಗಾಜಿನ ಮೇಲಿನ ಪೋಲರಾಯ್ಡ್ ಹಾಳೆ ಒಂದು ತುಂಡು ಸಿಕ್ಕೀತೆ, ಮೇಷ್ಟ್ರ ಲ್ಯಾಬಿಗೆ ಎಂದಳು. ಅವರು ಬ್ಲೇಡಿನಿಂದ ಒಂದು ತೆರೆಯ ಅಂಚನ್ನು ಎಬ್ಬಿಸಿ, ಬಾಳೆಪಟ್ಟೆ ಸುಲಿದ ಹಾಗೆ ಅಂಗೈಯಗಲದ ಎರಡು ತುಂಡು ಸುಲಿದು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಬೀರೂರು ದಾಟುವಷ್ಟರಲ್ಲಿ ರೈಲಿನ ಕಿಟಕಿಗೆ ಅವೆರಡನ್ನೂ ಒಂದರ ಮೇಲೊಂದು ಹಿಡಿದು, ತಿರುಗಿಸಿ, ಹೊರಗಿನ ತೆಂಗಿನ ತೋಟಗಳನ್ನು ಆರಿಸುತ್ತ, ಹೊತ್ತಿಸುತ್ತ ಕೂತಿದ್ದಳು. ಪಕ್ಕದಲ್ಲಿದ್ದವರು ತಾವೂ ಒಂದು ಸಲ ನೋಡುತ್ತೇವೆಂದು ಕೈ ಚಾಚಿದರು.